ಹಲ್ಲಿಗೆ ತುಂಬುವ ಗಾರೆ

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂದು ಒಂದು ಹೆಸರುಂಟು. ಹಕ್ಕಿಗೂ ಅದೇ ಹೆಸರು, ಬ್ರಾಹ್ಮಣನಿಗೂ ಅದೇ ಹೆಸರು. ಹಕ್ಕಿಯು ಒಮ್ಮೆ ಮೊಟ್ಟೆಯಾಗಿಯೂ ಮತ್ತೊಮ್ಮೆ ಮರಿಯಾಗಿಯೂ ಹುಟ್ಟುವುದು. ಬ್ರಾಹ್ಮಣನಿಗೆ ಉಪನಯನವೇ ಎರಡನೆಯ ಜನ್ಮ. ಹಲ್ಲಾದರೋ ಹಾಲುಹಲ್ಲಾಗಿ ಒಮ್ಮೆ ಮೊಳೆತು, ಅದು ಉದುರಿದ ಮೇಲೆ ಮತ್ತೊಮ್ಮೆ ಮೊಳೆಯುವುದು. ಶಾಲೆಯಲ್ಲಿ ನಾವು ಅಮರಕೋಶವನ್ನು ಹೇಳಿಕೊಡುತ್ತಿದ್ದ ಕಾಲದಲ್ಲಿ ಈ ಮೂರು ಅರ್ಥಗಳನ್ನು ಒಟ್ಟಿಗೆ ಕೇಳಿ ನಗದ ಹುಡುಗನಿರಲಿಲ್ಲ. ಹೆಸರೇನೋ ಸೊಗಸಾಗಿದೆ. ಆದರೆ ಬಾಯಿಯಲ್ಲಿರುವ ಎಲ್ಲಾ ಹಲ್ಲುಗಳಿಗೂ ಇದು ಸಲ್ಲತಕ್ಕದ್ದಲ್ಲ. ಹಾಗೆ ಸಲ್ಲುವುದೆಂದು ತಿಳಿದುಕೊಂಡಿರುವುದರಿಂದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಆಜೀವವಾದ ನಷ್ಟವುಂಟಾಗುತ್ತಿದೆ. ಅದು ಹೇಗೆಂಬುದನ್ನು ಮುಂದೆ ಹೇಳುವೆವು. ಅದಕ್ಕೆ ಮೊದಲು ಹಲ್ಲಿನ ಮೇಲುಹೊದಿಕೆಯ ವಿಚಾರವಾಗಿ ನಾಲ್ಕು ಮಾತು.

ಈ ಹೊದಿಕೆಗೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಎಲುಬು ಸಹ ಇದರ ಮುಂದೆ ಮೆದುವೆಂದೇ ಹೇಳಬೇಕು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಇದು ಖನಿಜವೇ ಆಗಿದ್ದು, ಆ ಖನಿಜದಲ್ಲಿ ಮುಖ್ಯವಾಗಿರುವುದು ಸುಣ್ಣದಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಎಲುಬು ಮುರಿದರೆ ಕೂಡಿಕೊಳ್ಳುವುದು, ಚರ್ಮ ಕುಯ್ದರೆ ಮಾಯುವುದು; ಎನಾಮಲಿಗೆ ಆ ಭಾಗ್ಯವಿಲ್ಲ. ಏತಕ್ಕೆಂದರೆ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡನ್ನು ಸೀಳಿಕೊಂಡು ಹೊರಕ್ಕೆ ಬರುವಷ್ಟರಲ್ಲಿಯೇ ತಮ್ಮ ಕೆಲಸವನ್ನು ಮುಗಿಸಿ ಇಲ್ಲವಾಗುವುವು. ಮನೆಯನ್ನು ಕಟ್ಟಿದ ಗಾರೆಯವರು ಊರನ್ನೇ ಬಿಟ್ಟುಹೋದ ಮೇಲೆ ಗೋಡೆ ಬಿರಿದರೆ ಯಾರನ್ನು ಕರೆಯೋಣ?

ಹಾಗೆಂದು ಎನಾಮಲು ಕಲ್ಲಿನಂತೆ ನಿಶ್ಚಲವಾಗಿರುವುದೆಂದು ತಿಳಿಯಬಾರದು. ಅದು ದಿನವೂ ಸ್ವಲ್ಪ ಕರಗುತ್ತ, ತಿರುಗಿ ಸ್ವಲ್ಪ ಕೂಡಿಕೊಳ್ಳುತ್ತ ಇರುವುದು. ಅಮೃತಶಿಲೆಯ ನೆಲದ ಮೇಲೆ ಹುಣಿಸೆಯ ರಸ ಬಿದ್ದು ಹಾಗೆಯೇ ಉಳಿದರೆ ಆ ಜಾಗದ ಹೊಳಪು ಹೋಗುವುದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರಷ್ಟೆ. ಹುಳಿಯು ಕಲ್ಲಿನ ಸುಣ್ಣವನ್ನು ಕರಗಿಸಿತು. ಬಾಯಿಯಲ್ಲಿ ನಡೆಯುವುದೂ ಇದೇ ಜಾತಿಯ ಕೆಲಸ. ಅಲ್ಲಿ ಹುಳಿಯನ್ನು ಹೊರಗಿನಿಂದ ತರಬೇಕೆಂದೇನೂ ಇಲ್ಲ. ಹಲ್ಲಿಗಂಟಿಕೊಂಡ ಕಿಟ್ಟದಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆಯನ್ನುಂಡು ತಾವೇ ಹುಳಿಯನ್ನು ಮಾಡುವುವು. ಬರ್ಲಿನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ ಎಂಬಾತನು ಈ ಮತವನ್ನು 1890ರಲ್ಲಿ ಒಂದು ಗ್ರಂಥವಾಗಿ ಬರೆದು ಸ್ಥಾಪಿಸಿದನು. ಹುಳುಕು ಹಲ್ಲಿಗೆ ಸುಶ್ರುತದಲ್ಲಿ ಕೃಮಿದಂತಕವೆಂಬ ಹೆಸರಿದೆ. ನಮ್ಮ ಹಳ್ಳಿಗಳಲ್ಲಿಯೂ ಹಲ್ಲಿಗೆ ಹುಳ ಹತ್ತಿತೆಂದೇ ಹೇಳುವರು. ಆ ಕೃಮಿಯೇ ಈ ಸೂಕ್ಷ್ಮಜೀವಿಯೆಂದು ಸಾಧಿಸಿ ಬೀಗುವವರ ಗುಂಪಿಗೆ ನಾವು ಸೇರಿದವರಲ್ಲ. ಹೆಸರು ಒಂದಾದ ಮಾತ್ರಕ್ಕೆ ಜ್ಞಾನ ಒಂದಾಗುವುದಿಲ್ಲ.

ಹುಳಿಯ ಪ್ರಮಾಣವನ್ನು ರಸಾಯನಶಾಸ್ತ್ರಜ್ಞರು ಪಿಎಚ್ ಎಂಬ ಅಂಕಿಯಿಂದ ಅಳೆಯುವರು. ಶುದ್ಧವಾದ ನೀರಿಗೆ 7. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಹಲ್ಲಿನ ಸುತ್ತಲೂ ಇದು ಸುಮಾರು 5.5ಕ್ಕಿಂತ ಕೆಳಕ್ಕಿಳಿದರೆ ಎನಾಮಲಿನ ಖನಿಜವು ಕರಗಿ ಹೊರಡುವುದು. ಸಕ್ಕರೆಯ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಅಂಕಿಯು ಥಟ್ಟನೆ ಬೀಳುವುದನ್ನೂ, ಮತ್ತೆ ಏರಿ ಮೊದಲಿನ ಸ್ಥಿತಿಗೆ ಬರುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ ಹಿಡಿಯುವುದನ್ನೂ ಸ್ಟೀಫನ್ ಎಂಬ ಅಮೆರಿಕದ ಸಂಶೋಧಕನು 1940ರ ದಶಕದಲ್ಲಿ ಅಳೆದು ತೋರಿಸಿದನು. ಹಾಗೆ ಏರುವುದಕ್ಕೆ ಸಹಾಯ ಮಾಡುವುದು ಉಗುಳು. ಅದು ಹುಳಿಯನ್ನು ಮುರಿಯುವುದಲ್ಲದೆ, ತನ್ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್‌ಗಳನ್ನು ಹಲ್ಲಿಗೆ ಹಿಂದಿರುಗಿಸುವುದು. ಹಲ್ಲಿನದು ಹೀಗೆ ಒಂದು ಜಮಾಖರ್ಚಿನ ಪುಸ್ತಕ. ಸಂಕ್ರಾಂತಿಯ ದಿನ ಮಗು ಒಂದು ಹಿಡಿ ಎಳ್ಳುಬೆಲ್ಲವನ್ನು ಊಟದ ಜೊತೆಯಲ್ಲಿ ತಿಂದುಬಿಟ್ಟರೆ ಖರ್ಚು ಒಂದು ಸಲ ಬಿದ್ದಿತು. ಅದೇ ಹಿಡಿಯನ್ನು ಜೇಬಿನಲ್ಲಿಟ್ಟುಕೊಂಡು ಸಾಯಂಕಾಲದವರೆಗೂ ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ದಿನವೆಲ್ಲವೂ ಖರ್ಚೇ, ಜಮೆಗೆ ಅವಕಾಶವೇ ಇಲ್ಲ. ದಿನಕ್ಕೆ ಆರು ಸಲ ಸಕ್ಕರೆ ಹಾಕಿದ ಕಾಫಿಯನ್ನು ಗುಟುಕರಿಸುವ ಹಿರಿಯರ ಲೆಕ್ಕವೂ ಇದೇ.

ಖರ್ಚು ಮೇಲಾಗುತ್ತ ಬಂದಾಗ ಹಲ್ಲಿನ ಮೇಲೆ ಮೊದಲು ಕಾಣಿಸುವುದು ಗುಂಡಿಯಲ್ಲ, ನೋವೂ ಅಲ್ಲ. ಸೀಮೆಸುಣ್ಣದಂತೆ ಹೊಳಪಿಲ್ಲದ ಒಂದು ಬಿಳಿಯ ಮಚ್ಚೆ. ಹಲ್ಲು ಒದ್ದೆಯಾಗಿರುವಾಗ ಇದು ಕಣ್ಣಿಗೆ ಬೀಳದಿರಬಹುದು, ಒರಸಿ ಒಣಗಿಸಿದರೆ ಕಾಣುವುದು. ಈ ಹಂತದಲ್ಲಿ ಹೋದ ಖನಿಜವನ್ನು ತಿರುಗಿ ತುಂಬಿಕೊಳ್ಳುವ ಶಕ್ತಿ ಹಲ್ಲಿಗಿದೆ. ಮೇಲ್ಮೈ ಕುಸಿದು ಗುಂಡಿ ಬಿದ್ದ ಮೇಲೆ ಉಗುಳಿನಿಂದಾಗಲಿ, ಪುಡಿಯಿಂದಾಗಲಿ, ಪೇಸ್ಟಿನಿಂದಾಗಲಿ ಆ ಗುಂಡಿ ಮುಚ್ಚುವುದಿಲ್ಲ. ವೈದ್ಯನು ಏನನ್ನಾದರೂ ತುಂಬಲೇಬೇಕು.

ಏನನ್ನು ತುಂಬಬೇಕೆಂಬುದೇ ಈಗಿನ ಪ್ರಶ್ನೆ. ಹಿಂದೆ ನಮ್ಮವರು ಹಲ್ಲಿಗೆ ಬೆಳ್ಳಿ ತುಂಬಿಸಿದೆವೆಂದು ಹೇಳುತ್ತಿದ್ದುದು ಬೆಳ್ಳಿ, ತವರ ಮುಂತಾದವನ್ನು ಪಾದರಸದೊಡನೆ ಕಲಸಿದ ಮಿಶ್ರಣ. ಅದು ಬಹುಕಾಲ ಬಾಳತಕ್ಕದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಗೋಡೆಯ ತೂತಿಗೆ ಹೊಡೆದ ಬೆಣೆಯಂತೆ ಜಡವಾಗಿ ಕುಳಿತಿರುವುದೇ ಹೊರತು ಪಕ್ಕದ ಗೋಡೆಗೆ ಉಪಕಾರವನ್ನೇನೂ ಮಾಡುವುದಿಲ್ಲ. ತುಂಬಿದ ಕೆಲವು ವರ್ಷಗಳ ಮೇಲೆ ಅದರ ಅಂಚಿನಲ್ಲಿಯೇ ಹೊಸ ಹುಳುಕು ಹುಟ್ಟುವುದುಂಟು. ತುಂಬುವ ವಸ್ತುವೇ ತನ್ನಲ್ಲಿರುವ ಸಾರವನ್ನು ಸ್ವಲ್ಪ ಸ್ವಲ್ಪವಾಗಿ ಪಕ್ಕದ ಹಲ್ಲಿಗೆ ಬಿಟ್ಟುಕೊಡುವಂತಿದ್ದರೆ? ಈ ಯೋಚನೆಯು ಯಾರೂ ಕುಳಿತು ಚಿಂತಿಸಿ ತೆಗೆದದ್ದಲ್ಲ, ಆಕಸ್ಮಿಕವಾಗಿ ಕೈಗೆ ಸಿಕ್ಕಿದ್ದು. ಆ ಕಥೆಯು ನಮಗೆ ಬಹಳ ಹಿಡಿಸಿದೆ.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಮುಂದಿನ ಹಲ್ಲುಗಳಿಗೆ ಸಿಲಿಕೇಟ್ ಸಿಮೆಂಟೆಂಬುದನ್ನು ತುಂಬುತ್ತಿದ್ದರು. ಅದರ ಪುಡಿಯು ಒಂದು ಬಗೆಯ ಗಾಜು. ಅಕ್ಕಸಾಲಿಗನು ಬೆಸುಗೆಗೆ ಬಿಳಿಗಾರವನ್ನು ಹಾಕುವಂತೆ, ಆ ಗಾಜು ಸುಲಭವಾಗಿ ಕರಗಲೆಂದು ಫ್ಲೋರೈಡಿನ ಲವಣಗಳನ್ನು ಬೆರೆಸುತ್ತಿದ್ದರು. ಉದ್ದೇಶವಿದ್ದುದು ಕುಲುಮೆಯ ಸೌಕರ್ಯ, ಹಲ್ಲಿನ ರಕ್ಷಣೆಯಲ್ಲ. ಈ ಸಿಮೆಂಟು ಬಾಳಿಕೆಯಲ್ಲಿ ಕಳಪೆ. ಬಾಯಿಯ ನೀರಿಗೆ ಸವೆದು, ಬಣ್ಣ ಕೆಟ್ಟು, ಕೆಲವು ವರ್ಷಗಳಲ್ಲಿ ಹಾಳಾಗುತ್ತಿತ್ತು. ಆದರೂ ಅದನ್ನು ತೆಗೆದುಹಾಕುವಾಗ ವೈದ್ಯರಿಗೆ ಒಂದು ವಿಶೇಷವು ಕಂಡಿತು: ಅದರ ಅಂಚಿನಲ್ಲಿ ಹೊಸ ಹುಳುಕು ವಿರಳ. ಕುಲುಮೆಗಾಗಿ ಹಾಕಿದ ಫ್ಲೋರೈಡು ಸಿಮೆಂಟಿನಿಂದ ಜಿನುಗಿ ಹಲ್ಲನ್ನು ಕಾಯುತ್ತಿತ್ತು.

ಜಿನುಗುವುದೆಂದರೇನು? ಉಪ್ಪನ್ನು ನೀರಿಗೆ ಹಾಕಿದರೆ ಅದು ಕರಗಿ, ವಿದ್ಯುತ್ತಿನ ಅಂಶವನ್ನು ಹೊತ್ತ ಅತಿಸೂಕ್ಷ್ಮ ಕಣಗಳಾಗಿ ಬಿಡಿಬಿಡಿಯಾಗುವುದು. ಈ ಕಣಗಳಿಗೆ ಅಯಾನುಗಳೆಂದು ಹೆಸರು. ಫ್ಲೋರೈಡಿನ ಅಯಾನು ಹಲ್ಲಿನ ಬಳಿಯಲ್ಲಿದ್ದಾಗ, ಕರಗಿಹೋದ ಕ್ಯಾಲ್ಸಿಯಂ ಫಾಸ್ಫೇಟ್‌ಗಳು ಬೇಗನೆ ಹಲ್ಲಿಗೆ ಹಿಂದಿರುಗುವುವು. ಹಿಂದಿರುಗಿ ಕಟ್ಟಿಕೊಂಡ ಹರಳೂ ಮೊದಲಿಗಿಂತ ಗಟ್ಟಿ. ಮೊದಲಿನ ಖನಿಜವು ಪಿಎಚ್ 5.5ರ ಸುಮಾರಿಗೆ ಕರಗುವುದಾದರೆ, ಫ್ಲೋರೈಡು ಸೇರಿದ ಖನಿಜವು ಸುಮಾರು 4.5ರವರೆಗೂ ತಡೆದುಕೊಳ್ಳುವುದು. ಒಂದೇ ಅಂಕಿಯ ವ್ಯತ್ಯಾಸವೆಂದು ಅಲಕ್ಷ್ಯ ಮಾಡತಕ್ಕದ್ದಲ್ಲ. ಈ ಮಾಪನದಲ್ಲಿ ಒಂದು ಅಂಕಿಯೆಂದರೆ ಹುಳಿಯಲ್ಲಿ ಹತ್ತು ಪಟ್ಟು.

ಹಳೆಯ ಸಿಮೆಂಟಿನ ಈ ಗುಣವನ್ನು ಉಳಿಸಿಕೊಂಡು ಅದರ ದೋಷವನ್ನು ಕಳೆದವರು ಲಂಡನ್ನಿನ ಸರಕಾರೀ ರಸಾಯನಶಾಲೆಯಲ್ಲಿದ್ದ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಎಂಬಿಬ್ಬರು. 1969ರಲ್ಲಿ ಅವರು ಸಿದ್ಧಪಡಿಸಿದ ಗಾರೆಗೆ ಗ್ಲಾಸ್ ಅಯೊನೊಮರ್ ಎಂದು ಹೆಸರು ಬಂದಿದೆ. ಫ್ಲೋರೈಡನ್ನೊಳಗೊಂಡ ಗಾಜಿನ ಪುಡಿ ಒಂದು ಕಡೆ, ಪಾಲಿಅಕ್ರಿಲಿಕ್ ಆಮ್ಲದ ಅಂಟಾದ ದ್ರಾವಣ ಒಂದು ಕಡೆ. ಎರಡನ್ನೂ ಕಲಸಿದರೆ ಕೆಲವು ನಿಮಿಷಗಳಲ್ಲಿ ಬಿಗಿದು ಕಲ್ಲಾಗುವುದು. ಮೊದಮೊದಲು ಈ ಕಲಸಿದ ಮುದ್ದೆಯು ಬಿಗಿಯುವುದು ನಿಧಾನವಾಗಿ, ಕೈಗೆ ಒಗ್ಗುತ್ತಿರಲಿಲ್ಲ. ಆಗ ಅದಕ್ಕೆ ಸ್ವಲ್ಪ ಟಾರ್ಟಾರಿಕ್ ಆಮ್ಲವನ್ನು ಸೇರಿಸಿದುದರಿಂದ ಕೆಲಸವು ಸರಿಹೋಯಿತು. ಈ ಆಮ್ಲವು ಮತ್ತಾವುದೂ ಅಲ್ಲ, ನಮ್ಮ ಹುಣಿಸೆಯ ಹಣ್ಣಿಗೆ ಹುಳಿಯನ್ನು ಕೊಡುವ ಪದಾರ್ಥವೇ. ನೆಲದ ಅಮೃತಶಿಲೆಯನ್ನು ಕೆಡಿಸುವ ಹುಳಿಯೇ ಹಲ್ಲಿನ ಗಾರೆಯನ್ನು ಹದಕ್ಕೆ ತಂದಿತೆಂಬುದನ್ನು ಕೇಳಿ ನಮ್ಮ ಮನೆಯವರು ಸಾರಿಗೆ ಹುಣಿಸೆ ಕಿವುಚುವುದನ್ನು ನಿಲ್ಲಿಸಿ ಒಂದು ಕ್ಷಣ ನಮ್ಮ ಮುಖವನ್ನು ನೋಡಿದರು.

ಈ ಗಾರೆಯ ಗುಣಗಳಲ್ಲಿ ಮೊದಲನೆಯದು, ಅದು ಹಲ್ಲಿನ ಕ್ಯಾಲ್ಸಿಯಮ್ಮಿನೊಡನೆ ತಾನಾಗಿಯೇ ಬೆಸೆದುಕೊಳ್ಳುವುದು; ಹಿಡಿತಕ್ಕೋಸ್ಕರ ಆರೋಗ್ಯವಾದ ಹಲ್ಲನ್ನು ಕೊರೆಯಬೇಕಾಗಿಲ್ಲ. ಎರಡನೆಯದು ಮೇಲೆ ಹೇಳಿದ ಜಿನುಗುವಿಕೆ. ಮೊದಲ ಒಂದೆರಡು ದಿನ ಫ್ಲೋರೈಡು ಹೆಚ್ಚಾಗಿ ಹೊರಡುವುದು, ಕೆಲವು ವಾರಗಳಲ್ಲಿ ಇಳಿಯುವುದು, ಆಮೇಲೆ ಸ್ವಲ್ಪವೇ ಆದರೂ ವರ್ಷಗಟ್ಟಲೆ ನಡೆಯುತ್ತಿರುವುದು. ಇದಕ್ಕಿಂತಲೂ ಚಮತ್ಕಾರವಾದುದೊಂದಿದೆ. ಕಣಜವು ಬರಿದಾಗುತ್ತ ಬಂದಾಗ ಅದನ್ನು ನಾವು ಮನೆಯಲ್ಲಿಯೇ ತುಂಬಬಹುದು. ಫ್ಲೋರೈಡಿರುವ ಪೇಸ್ಟಿನಿಂದ ಹಲ್ಲುಜ್ಜಿದಾಗಲೆಲ್ಲ ಗಾರೆಯು ಅದರಲ್ಲಿ ಸ್ವಲ್ಪವನ್ನು ಹೀರಿಟ್ಟುಕೊಂಡು ಆಮೇಲೆ ಬಿಡುವುದು. ಆದಕಾರಣ ವೈದ್ಯನ ಕೆಲಸವು ಗೃಹಸ್ಥನ ಕೆಲಸದೊಡನೆ ಸೇರಿಯೇ ಪೂರ್ಣವಾಗಬೇಕು.

ಗುಣವನ್ನು ಹೇಳಿದವರು ದೋಷವನ್ನೂ ಹೇಳಬೇಕಷ್ಟೆ. ಈ ಗಾರೆ ಬಿರುಸು. ಬೆಳ್ಳಿಯ ಮಿಶ್ರಣದಷ್ಟು ಅಥವಾ ಈಗ ಬೆಳಕು ಬಿಟ್ಟು ಗಟ್ಟಿಮಾಡುವ ಬಿಳಿಯ ರಾಳದಷ್ಟು ಒತ್ತಡವನ್ನು ತಡೆಯಲಾರದು. ದವಡೆ ಹಲ್ಲಿನ ದೊಡ್ಡ ಗುಂಡಿಗೆ ಇದನ್ನು ತುಂಬಿ ಚಕ್ಕುಲಿ ಕಡಿದರೆ ಸೀಳಬಹುದು, ಸವೆಯಬಹುದು. ಇಷ್ಟೇ ಅಲ್ಲ. ಪ್ರಯೋಗಶಾಲೆಯ ಲೋಟದಲ್ಲಿ ಫ್ಲೋರೈಡು ಜಿನುಗುವುದನ್ನು ಯಾರು ಬೇಕಾದರೂ ಅಳೆದು ತೋರಿಸಬಹುದು. ಬಾಯಿಯಲ್ಲಿ ವರ್ಷಗಳ ಮೇಲೆ ಹುಳುಕು ತಪ್ಪಿದ್ದರಲ್ಲಿ ಈ ಜಿನುಗುವಿಕೆಯ ಪಾಲೆಷ್ಟು, ಚೆನ್ನಾಗಿ ಉಜ್ಜಿದ್ದರ ಪಾಲೆಷ್ಟು ಎಂಬುದರಲ್ಲಿ ಬಲ್ಲವರೊಳಗೆ ಏಕಾಭಿಪ್ರಾಯವಿಲ್ಲ. ಈಗ ಕ್ಯಾಲ್ಸಿಯಂ, ಫಾಸ್ಫೇಟ್, ಸ್ಟ್ರಾಂಷಿಯಂ ಮೊದಲಾದ ಹಲವು ಅಯಾನುಗಳನ್ನು ಬಿಡುವುದೆಂದು ಹೇಳಿಕೊಳ್ಳುವ ಹೊಸ ಹೊಸ ಪದಾರ್ಥಗಳು ಅಂಗಡಿಗೆ ಬರುತ್ತಲಿವೆ. ಹಾಲಿನ ಕೇಸೀನಿನಿಂದ ತಯಾರಿಸಿ ಬಿಳಿಯ ಮಚ್ಚೆಗೆ ಹಚ್ಚುವ ಲೇಪವೊಂದನ್ನು ಆಸ್ಟ್ರೇಲಿಯದ ಮೆಲ್ಬರ್ನಿನ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ರೆನಾಲ್ಡ್ಸ್ ಎಂಬವರು ಕಂಡುಹಿಡಿದರು. ಹಾಲಿನ ಪ್ರೋಟೀನು ಒಗ್ಗದವರು ಅದನ್ನು ಮುಟ್ಟಕೂಡದು. ಇವುಗಳಲ್ಲಿ ಕೆಲವು ಪ್ರಯೋಜನಕರವಾಗಿರಬಹುದು. ಬೆಲೆ ಹೆಚ್ಚೆಂಬ ಒಂದೇ ಕಾರಣದಿಂದ ಅವನ್ನು ಕೊಳ್ಳುವುದು ನಮಗೆ ಸಮ್ಮತವಲ್ಲ.

ಗ್ಲಾಸ್ ಅಯೊನೊಮರಿನ ನಿಜವಾದ ಯೋಗ್ಯತೆಯು ಗೊತ್ತಾದುದು ಸಿರಿವಂತರ ನಗರಗಳಲ್ಲಲ್ಲ. 1980ರ ದಶಕದ ನಡುವೆ ಆಫ್ರಿಕ ಖಂಡದ ಟಾಂಜಾನಿಯದಲ್ಲಿ ಕೆಲಸ ಮಾಡುತ್ತಿದ್ದ ಯೋ ಫ್ರೆಂಕೆನ್ ಎಂಬ ವೈದ್ಯರು, ವಿದ್ಯುತ್ತೂ ಕೊರೆಯುವ ಯಂತ್ರವೂ ಇಲ್ಲದ ಕಡೆಗಳಲ್ಲಿ ಕೈಯ ಉಪಕರಣಗಳಿಂದಲೇ ಮೆತ್ತಗಾದ ಹುಳುಕನ್ನು ಕೆರೆದು ತೆಗೆದು ಹಲ್ಲನ್ನು ತುಂಬುವ ಕ್ರಮವನ್ನು ಹಾಕಿದರು. ಆ ಕ್ರಮವು ಇಂದು ಮುಖ್ಯವಾಗಿ ಈ ಗಾರೆಯನ್ನೇ ನೆಚ್ಚಿಕೊಂಡಿದೆ. ಹೆಚ್ಚಿನ ಸಂದರ್ಭಗಳಲ್ಲಿ ಮರಗಟ್ಟಿಸುವ ಸೂಜಿಯೂ ಬೇಕಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1994ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. 2021ರಲ್ಲಿ ತಮ್ಮ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಗ್ಲಾಸ್ ಅಯೊನೊಮರಿಗೂ, ಫ್ಲೋರೈಡಿನ ಪೇಸ್ಟಿಗೂ, ಹುಳುಕನ್ನು ಅಲ್ಲಿಗೇ ನಿಲ್ಲಿಸುವ ಬೆಳ್ಳಿಯ ಫ್ಲೋರೈಡು ದ್ರಾವಣಕ್ಕೂ ಸ್ಥಾನ ಕೊಟ್ಟರು. ಈ ಕಡೆಯ ದ್ರಾವಣವು ಹುಳುಕಿದ ಭಾಗವನ್ನು ಕಪ್ಪಾಗಿಸುವುದು. ಕೊರೆಸಿಕೊಳ್ಳಲಾರದ ಎಳೆಯ ಮಕ್ಕಳ ಹಾಲುಹಲ್ಲಿಗೆ ಆ ಕಪ್ಪನ್ನು ಸಹಿಸಿಕೊಳ್ಳಬಹುದೆಂದು ನಮ್ಮ ಅಭಿಪ್ರಾಯ.

ಇನ್ನು ಮೊದಲಲ್ಲಿ ಹೇಳಿದ ದ್ವಿಜದ ವಿಚಾರ. ಹಾಲುಹಲ್ಲುಗಳು 20, ಶಾಶ್ವತವಾದ ಹಲ್ಲುಗಳು 32. ಉಳಿದ 12 ಎಲ್ಲಿಂದ ಬಂದುವು? ಅವು ಹಿಂದಿನ ದವಡೆ ಹಲ್ಲುಗಳು. ಅವುಗಳ ಜಾಗದಲ್ಲಿ ಹಾಲುಹಲ್ಲು ಎಂದೂ ಇರಲಿಲ್ಲ. ಅವು ಹುಟ್ಟುವುದು ಒಂದೇ ಸಲ. ಅವು ದ್ವಿಜಗಳಲ್ಲ, ಏಕಜಗಳು. ಇವುಗಳಲ್ಲಿ ಮೊದಲನೆಯ ನಾಲ್ಕು, ಮಗುವಿಗೆ ಆರು ವರ್ಷವಾಗುವ ಸುಮಾರಿಗೆ, ಯಾವ ಹಲ್ಲೂ ಉದುರದೆ, ಯಾವ ಸದ್ದೂ ಇಲ್ಲದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಬಂದು ನಿಲ್ಲುವುವು. ತಾಯಿತಂದೆಗಳ ಲಕ್ಷ್ಯವೆಲ್ಲ ಉದುರುತ್ತಿರುವ ಮುಂದಿನ ಹಲ್ಲುಗಳ ಮೇಲೆ.

ನಮ್ಮ ಬೀದಿಯ ಒಂಬತ್ತು ವರ್ಷದ ಹುಡುಗನೊಬ್ಬನು ಕೆನ್ನೆ ಊದಿಸಿಕೊಂಡು ಎರಡು ರಾತ್ರಿ ನಿದ್ರೆಯಿಲ್ಲದೆ ಅತ್ತನು. ಲವಂಗದ ಎಣ್ಣೆ ಹಚ್ಚಿದ್ದಾಗಿತ್ತು. ಅವನ ತಾಯಿಯನ್ನು ನಾವು ಕೇಳಲು ಆಕೆಯು, “ಹಾಲುಹಲ್ಲಲ್ಲವೇ ಮೇಷ್ಟ್ರೇ, ಹೇಗೂ ಬಿದ್ದುಹೋಗುವುದು, ಅದಕ್ಕೇಕೆ ದುಡ್ಡು ಸುರಿಯಬೇಕೆಂದು ಸುಮ್ಮನಿದ್ದೆವು” ಎಂದಳು. ಒಳ್ಳೆಯ ಗೃಹಿಣಿ; ಮಕ್ಕಳ ಊಟ ಪಾಠಗಳಲ್ಲಿ ಲೋಪ ಮಾಡಿದವಳಲ್ಲ. ದಂತವೈದ್ಯರು ನೋಡಿ ಅದು ಶಾಶ್ವತವಾದ ದವಡೆ ಹಲ್ಲೆಂದೂ, ಕೀವು ಬೇರಿನ ತುದಿಗಿಳಿದಿದೆಯೆಂದೂ ಹೇಳಿದರು. ಹಲವು ಸಲ ಓಡಾಡಿ, ಬೇರಿನ ನಾಳಗಳನ್ನು ಶುದ್ಧಿಮಾಡಿಸಿ ಹಲ್ಲನ್ನೇನೋ ಉಳಿಸಿಕೊಂಡರು. ಆ ಹುಡುಗನು ಇನ್ನು ಅರುವತ್ತು ವರ್ಷ ಅಗಿಯಬೇಕಾದ ಹಲ್ಲು ಹುಟ್ಟಿದ ಮೂರೇ ವರ್ಷದಲ್ಲಿ ಒಳಗಿನ ಜೀವವನ್ನು ಕಳೆದುಕೊಂಡಿತು.

ಈ ಹಲ್ಲಿಗೇ ಅಪಾಯವು ಹೆಚ್ಚೇಕೆಂದರೆ, ಹೊಸದಾಗಿ ಬಂದ ಎನಾಮಲು ಇನ್ನೂ ಪಕ್ವವಾಗಿರುವುದಿಲ್ಲ. ಮೇಲ್ಮೈಯ ಗೆರೆಗಳು ಆಳ, ಬ್ರಷ್ಷಿನ ಎಳೆಯೂ ಅಲ್ಲಿಗೆ ಹೋಗದು. ಪಕ್ಕದ ಹಲ್ಲುಗಳ ಮಟ್ಟಕ್ಕೆ ಏಳುವವರೆಗೆ ತಿಂಗಳುಗಟ್ಟಲೆ ತಗ್ಗಿನಲ್ಲಿಯೇ ಇರುವುದರಿಂದ ಉಜ್ಜುವಾಗ ಬ್ರಷ್ಷು ಅದರ ಮೇಲೆ ಹಾಯ್ದುಹೋಗುವುದು. ಈ ಗೆರೆಗಳನ್ನು ಮುಂಚಿತವಾಗಿಯೇ ಮುಚ್ಚಿಸಿಬಿಡಬಹುದು. ರಾಳದ ಮುಚ್ಚಿಗೆ ಹೆಚ್ಚು ಕಾಲ ನಿಲ್ಲುವುದು. ಆದರೆ ಹಲ್ಲು ಸಂಪೂರ್ಣವಾಗಿ ಒಣಗಿರದಿದ್ದರೆ ಅದು ಹಿಡಿಯುವುದಿಲ್ಲ. ಅರ್ಧ ಮೊಳೆತ ಹಲ್ಲನ್ನು, ಅದರಲ್ಲಿಯೂ ಸುಮ್ಮನೆ ಕೂರದ ಆರು ವರ್ಷದ ಮಗುವಿನ ಹಲ್ಲನ್ನು, ಒಣಗಿಸಿಡುವುದು ಯಾರಿಂದಾದೀತು? ತೇವವನ್ನು ಸಹಿಸುವ ನಮ್ಮ ಗಾರೆಯು ಇಲ್ಲಿಯೇ ಕೆಲಸಕ್ಕೆ ಬರುವುದು. ಅದು ಮುಂದೆ ಉದುರಿದರೂ, ಹಲ್ಲು ಎಳೆಯದಾಗಿದ್ದ ಕಾಲವನ್ನು ದಾಟಿಸಿರುತ್ತದೆ. ಮುದುಕರಿಗೂ ಇದರ ಪ್ರಯೋಜನವುಂಟು. ಒಸಡು ಸರಿದು ಬುಡ ಕಾಣಿಸಿಕೊಂಡಾಗ ಅಲ್ಲಿ ಎನಾಮಲ್ ಇರುವುದಿಲ್ಲ, ಸ್ವಲ್ಪ ಹುಳಿಗೇ ಅದು ಕರಗುವುದು. ನಮ್ಮ ಕೆಳದವಡೆಯ ಒಂದು ಹಲ್ಲಿನ ಬುಡದಲ್ಲಿಯೂ ಈ ಗಾರೆಯೇ ಇದೆ.

ಫ್ಲೋರೈಡೆಂದ ಕೂಡಲೆ ಕೆಲವರು ಬೆಚ್ಚುವರು, ಅದು ನಿಷ್ಕಾರಣವಲ್ಲ. ಪಾವಗಡ, ಮುಂಡರಗಿ, ಬಾಗೇಪಲ್ಲಿಗಳ ಕಡೆ ಕೊಳವೆಬಾವಿಯ ನೀರನ್ನು ಕುಡಿದು ಹಲ್ಲು ಕಂದಾಗಿ, ಕೀಲು ಬಿಗಿದವರನ್ನು ನೋಡಿದವರಿಗೆ ಈ ಭಯ ಸಹಜ. ಆಗಿನ ಮದರಾಸು ಪ್ರಾಂತದಲ್ಲಿ ಈ ವ್ಯಾಧಿಯನ್ನು ಗುರುತಿಸಿ ಬರೆದುದು 1937ರಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಕ್ಕದ ಕಡೆ ಹೆಚ್ಚೆಂದರೆ 1.5 ಮಿಲಿಗ್ರಾಂ ಎಂಬುದು ನಮ್ಮ ದೇಶದ ಮಾನಕ. ಅಲ್ಲಿನ ಕೇಡು ವರ್ಷಗಟ್ಟಲೆ ಕೊಡಗಟ್ಟಲೆ ನುಂಗಿದ್ದರಿಂದಾದುದು. ಗಾರೆಯಿಂದ ಜಿನುಗುವುದು ಅತ್ಯಲ್ಪ, ಅದೂ ಇದ್ದ ಜಾಗದಲ್ಲಿಯೇ ಕೆಲಸ ಮಾಡತಕ್ಕದ್ದು. ಪೇಸ್ಟಿನ ವಿಷಯದಲ್ಲಿ ಎಚ್ಚರವಿರಲಿ: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಯ ಕಾಳಿನಷ್ಟು, ಆರರವರೆಗೆ ಬಟಾಣಿಯ ಕಾಳಿನಷ್ಟು, ನುಂಗದೆ ಉಗುಳುವುದನ್ನು ಕಲಿಸಬೇಕು. ಉಗುಳಿದ ಮೇಲೆ ಬಾಯನ್ನು ಚೊಂಬುಗಟ್ಟಲೆ ನೀರಿನಿಂದ ತೊಳೆದರೆ ಗಾರೆಗೂ ಹಲ್ಲಿಗೂ ಸಲ್ಲಬೇಕಾದುದು ಬಚ್ಚಲಿಗೆ ಸಲ್ಲುವುದು. ಇಟ್ಟಿಗೆಯ ಪುಡಿ, ಇದ್ದಲು, ಬೂದಿಗಳಿಂದ ತಿಕ್ಕುವ ವಾಡಿಕೆಯು ಇನ್ನೂ ಕೆಲವು ಮನೆಗಳಲ್ಲಿದೆ. ಅವು ಎನಾಮಲನ್ನು ಸವೆಯಿಸುವುದಲ್ಲದೆ ಅದಕ್ಕೆ ಕೊಡುವುದೇನೂ ಇಲ್ಲ.

ಗಾರೆ ಹಾಕಿಸಿಕೊಂಡ ದಿನ ಆ ಕಡೆಯಲ್ಲಿ ಗಟ್ಟಿಯಾದುದನ್ನು ಅಗಿಯಬಾರದು. ಅದು ಹೊರಗೆ ಬಿಗಿದಂತೆ ಕಂಡರೂ ಒಳಗೆ ಪಕ್ವವಾಗುವುದಕ್ಕೆ ಒಂದು ದಿನವಾದರೂ ಬೇಕು. ವೈದ್ಯರು ಅದರ ಮೇಲೆ ವ್ಯಾಸಲೀನನ್ನೋ ಮೆರುಗೆಣ್ಣೆಯಂತಹ ಲೇಪವನ್ನೋ ಸವರುವುದು ಮೊದಲ ಗಂಟೆಗಳಲ್ಲಿ ನೀರು ತಾಗದಿರಲೆಂದೇ.

ಮನೆಯಲ್ಲಿ ಐದರಿಂದ ಏಳು ವರ್ಷದ ಮಕ್ಕಳಿರುವವರು ಹೀಗೆ ಮಾಡಬಹುದು. ಬೆಳಗ್ಗೆ ಹಲ್ಲುಜ್ಜಿದ ಮೇಲೆ ಮಗುವನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ, ಬಾಯಿ ಅಗಲವಾಗಿ ತೆರೆಯಿಸಿ, ಹಿಂದಿನ ಹಲ್ಲುಗಳನ್ನು ತೆಳುವಾದ ಒಗೆದ ಬಟ್ಟೆಯಿಂದ ಒರಸಿ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಮಧ್ಯದಿಂದ ಹಿಂದಕ್ಕೆ ಎಣಿಸಿಕೊಂಡು ಹೋಗಿ. ಮುಂದಿನ ಹಲ್ಲು ಉದುರಿದ್ದರೆ ಅದರ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. ಐದರವರೆಗೆ ಹಾಲುಹಲ್ಲಿನ ಸ್ಥಾನ. ಆರನೆಯದೊಂದು, ಒಸಡಿನಿಂದ ಅರ್ಧವೇ ತಲೆಯೆತ್ತಿದ್ದರೂ ಸರಿ, ಕೈಗೆ ತಗುಲಿದರೆ ಅದು ಹಾಲುಹಲ್ಲಲ್ಲ.